ಹದಿನೇಳನೆಯ ಆಳಗಂಬ

ಫೆಬ್ರವರಿ ೩೦, ೨೨೧೪
ಅಳಿವೆಬಾಗಿಲು, ಮಂಗಳೂರು

ಮಾನ್ಯ ಸೂಪರ್‌ವೈಸರ್ ಮೋನಪ್ಪನವರಿಗೆ,

ತಾರೀಖನ್ನು ಕಂಡು ನಗಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಕಟ್ಟಡದ ಭಾರ ಹೊರಲು ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬವನ್ನು ನೀವು ಪೈಲ್ ಎನ್ನುತ್ತೀರಿ, ನಾವು ಆಳಗಂಬ ಎನ್ನುತ್ತೇವೆ. ನಲವತ್ತು ವರ್ಷ ಮಕ್ಕಳ ಭಾಷೆ ತಿದ್ದಿದವನು ನಾನು. ಆದರೂ ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮ ಕಾಲದಲ್ಲಿ ನೀವು ಅಡಿಪಾಯ ಹಾಕುತ್ತಿರುವ ಹನ್ನೆರಡು ಮಹಡಿಯ ಕಟ್ಟಡದಲ್ಲಿ, ಎಷ್ಟೋ ತಲೆಮಾರು ಕಳೆದ ನಮ್ಮ ಕಾಲದಲ್ಲಿ ತೊಂಬತ್ತಾರು ಮನೆಗಳಿವೆ. ಕಡಲು ನೆಲಮಹಡಿಯ ಮಣ್ಣನ್ನು ಕೊರೆದೊಯ್ದಿದೆ. ಇಳಿತದ ಹೊತ್ತಿನಲ್ಲಿ ಆಳಗಂಬಗಳ ಕೊರಳು ಕಾಣುತ್ತದೆ. ಒಂದೊಂದು ಕಂಬ ಎರಡೆರಡು ಮನೆಗಳ ಪಾಲು. ಆ ಮನೆಯವರು ಪಾಚಿ ಕೆರೆದು, ವರ್ಷಕ್ಕೊಮ್ಮೆ ಮರದ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಾರೆ. ಈ ಪದ್ಧತಿಗೆ ಕಂಬಗೇಳಿಕೆ ಎಂದು ಹೆಸರು. ಹದಿನೇಳನೆಯದು ನನ್ನ ಮತ್ತು ನೆರೆಮನೆಯ ಲೋಲಾಕ್ಷಿಯಮ್ಮನ ಪಾಲಿನದು. ಈ ವರ್ಷ ಇನ್ನೆರಡು ಅಡಿ ಮಣ್ಣು ಹೋದ ಮೇಲೆ ಆಕೆ ಅದನ್ನು ಬಡಿದು, “ಮಾಸ್ಟ್ರೇ, ಇದೆಂಥ ಶಬ್ದ ಮಾರಾಯ್ರೇ? ಬಿರುಕುಬಿಟ್ಟ ಮಡಕೆ ಹಾಗೆ ಕೇಳ್ತದಲ್ಲ!” ಎಂದರು.

ನಿಮ್ಮ ದಿನಚರಿ ಪುಸ್ತಕ ನಮ್ಮಲ್ಲಿದೆ. ನೀವು ಪ್ರಾಮಾಣಿಕರು, ಎಲ್ಲವನ್ನೂ ಬರೆದಿಟ್ಟಿದ್ದೀರಿ. ಹದಿನೇಳನೆಯ ಕಂಬಕ್ಕೆ ಕೊರೆದ ಗುಂಡಿ ತುಂಬುವ ದಿನ ಕಾಂಕ್ರೀಟಿನ ಎರಡನೆಯ ಲಾರಿ ತಡವಾಯಿತು. ಕಾಂಕ್ರೀಟ್ ಇಳಿಸುವ ಕೊಳವೆ ಸಿಕ್ಕಿಕೊಳ್ಳಬಾರದೆಂದು ಅದನ್ನು ಎತ್ತಿಸಿದಿರಿ. ಅದರ ಬಾಯಿ ಹಸಿ ಕಾಂಕ್ರೀಟಿನಿಂದ ಹೊರಬಂತು. ಲಾರಿ ಬಂದೊಡನೆ ಮಿಕ್ಕದ್ದನ್ನು ಮೇಲಿನಿಂದ ಸುರಿಸಿ ಮುಗಿಸಿದಿರಿ. ನಡುವೆ ಗುಂಡಿಯ ರಾಡಿ ಒಂದು ಗೇಣು ಉಳಿಯಿತು. ಮಳೆಗಾಲದೊಳಗೆ ಈ ಕಂಬ ಸರಿಯಾಗದಿದ್ದರೆ ನಾವೆಲ್ಲರೂ ಮನೆ ಖಾಲಿ ಮಾಡಬೇಕೆಂದು ಆಜ್ಞೆಯಾಗಿದೆ.

ಆದ್ದರಿಂದ ನಿಮ್ಮಲ್ಲಿ ಒಂದೇ ವಿನಂತಿ. ನಿಮಗೆ ಇನ್ನೂ ಬರಲಿರುವ ಆ ದಿನ ಕೊಳವೆಯ ಬಾಯಿ ಸದಾ ಹಸಿ ಕಾಂಕ್ರೀಟಿನಲ್ಲಿ ಮುಳುಗಿರಲಿ. ಹೊರಬಂದರೆ ಮೇಲೆ ಸುರಿದು ಮುಚ್ಚಬೇಡಿ. ಆ ಗುಂಡಿಯನ್ನು ಕೈಬಿಟ್ಟು ಪಕ್ಕದಲ್ಲಿ ಹೊಸತನ್ನು ಕೊರೆಯಿಸಿ. ನಿಮಗೆ ನಾಲ್ಕು ದಿನ ಹೋದೀತು, ಅಷ್ಟೆ.

ಈ ಪತ್ರ ತಲುಪುವುದೋ ಇಲ್ಲವೋ ನಾನರಿಯೆ. ಅದಕ್ಕಾಗಿ ಕಾದು ಕೂರುವವರು ನಾವಲ್ಲ. ಮೇಲಿನ ಭಾರಕ್ಕೆ ಆಸರೆ ಕೊಟ್ಟಾಗಿದೆ. ನಾಳೆಯ ಇಳಿತಕ್ಕೆ ಮಣ್ಣು ಕುಸಿಯದಂತೆ ಕಂಬದ ಸುತ್ತ ಉಕ್ಕಿನ ಬಳೆಗಳನ್ನು ಇಳಿಸಿ, ನೀರು ಮೊಗೆದು ಅಗೆಯುತ್ತೇವೆ. ತೊಂಬತ್ತಾರು ಮನೆಯವರೂ ಸರದಿ ಹಾಕಿಕೊಂಡಿದ್ದಾರೆ. ಮೊದಲ ಸರದಿ ಲೋಲಾಕ್ಷಿಯಮ್ಮನದು ಮತ್ತು ನನ್ನದು. ಕೆಳಗೆ ಗಟ್ಟಿ ಕಾಂಕ್ರೀಟ್ ಸಿಕ್ಕರೆ ಪತ್ರ ತಲುಪಿತೆಂದು ತಿಳಿದು ಅಲ್ಲಿಂದಲೇ ನಿಮಗೆ ಕೈಮುಗಿಯುತ್ತೇನೆ. ರಾಡಿ ಸಿಕ್ಕರೆ, ಕೊನೆಯ ಹಿಡಿಯವರೆಗೆ ಕೆರೆದು ತೆಗೆದು, ನೀವು ಬಿಟ್ಟ ಗೇಣನ್ನು ನಾವು ತುಂಬುತ್ತೇವೆ.

ಇತಿ,
ಹದಿನೇಳನೆಯ ಕಂಬದ ಪಾಲುಗಾರ,
ದಾಮೋದರ ಕಿಣಿ, ನಿವೃತ್ತ ಉಪಾಧ್ಯಾಯ