ಇಲಿಯ ಲೆಕ್ಕದ ಕಷಾಯ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಮೊಮ್ಮಗಳೇ,

ಚೆನ್ನಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಪ್ರಯೋಗಾಲಯದ ಆ ಮುದಿ ಇಲಿಗಳಿಗೆ ಉಣಿಸಿ ನೀನು ಉಪವಾಸವೇ? ನಾನು ಕ್ಷೇಮ ಎಂದು ಬರೆಯೋಣವೆಂದರೆ ಸಿಟ್ಟು ಬಿಡುತ್ತಿಲ್ಲ.

ಸಿಟ್ಟು ನಿನ್ನಪ್ಪನ ಮೇಲೆ. ಅರ್ಧ ನಿನ್ನ ಮೇಲೂ. ನನ್ನ ಬಾಯಿ ಒಣಗಿ, ಬ್ರೆಡ್ಡಿನ ತುಂಡು ಅಂಗುಳಕ್ಕೆ ಅಂಟಿಕೊಂಡು, ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದೆನಲ್ಲ, ಆಗ ನೀನು ಫೋನಿನಲ್ಲಿ ಏನಂದೆ? ಗಿಡಮೂಲಿಕೆಯ ಸಾರ ಕುಡಿದ ಮುದಿ ಇಲಿಗಳ ಜೊಲ್ಲಿನ ಗ್ರಂಥಿ ಹಾಳಾಗದೆ ಉಳಿಯಿತು ಎಂದೆ. ಅಷ್ಟೇ ಸಾಕಾಯಿತು. ತಕ್ಕಡಿ ರಿಪೇರಿ ಮಾಡುವ ನಿನ್ನಪ್ಪನ ತಲೆ ಹೇಗೆ ಓಡುತ್ತದೆ ಎಂದು ನಿನಗೆ ಗೊತ್ತು. ಇಲಿಯ ತೂಕ, ಇಲಿಗೆ ಕೊಟ್ಟ ಸಾರ ಎರಡನ್ನೂ ನಿನ್ನ ಬಾಯಿಂದಲೇ ಕೇಳಿ ತಿಳಿದುಕೊಂಡ. ಮಾರನೆಯ ದಿನ ನನ್ನನ್ನು ಅಂಗಡಿಗೆ ಕರೆದೊಯ್ದು, ಗಿರಾಕಿಗಳ ಎದುರಿಗೇ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದ! ಹೆತ್ತ ತಾಯಿಯನ್ನು! "ಅಲ್ಲಾಡ್ಬೇಡಮ್ಮ, ಮುಳ್ಳು ನಿಲ್ಲಲಿ" ಅಂತ ಬೇರೆ. ಇಲಿಯ ಲೆಕ್ಕವನ್ನು ನನ್ನ ತೂಕಕ್ಕೆ ಗುಣಿಸಿ ಭಾಗಿಸಿ, ಕೊನೆಗೆ ದಿನಕ್ಕೊಂದು ಹೂಜಿ ತುಂಬ ಸೊಪ್ಪಿನ ಕಷಾಯ.

ಕಹಿ ಎಂದರೆ ಕಹಿ. ಮುಖ ಕಿವುಚಿದರೆ "ಇದ್ರಲ್ಲಿ ಆಂಟಿಆಕ್ಸಿಡೆಂಟ್ ಇದೆ, ಕುಡಿ" ಎನ್ನುತ್ತಾನೆ. ಹಾಗೆಂದರೇನು ಎಂದರೆ ಅವನಿಗೂ ಗೊತ್ತಿಲ್ಲ. ಹೊಟ್ಟೆ ಕೆಟ್ಟಿತು. ಕೊನೆಗೆ ನಾನೇ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಆಕೆ ನನ್ನ ಮಾತ್ರೆಗಳನ್ನೆಲ್ಲ ನೋಡಿ, ತುರಿಕೆಗೆಂದು ನುಂಗುತ್ತಿದ್ದ ಮಾತ್ರೆಯೇ ಬಾಯಿ ಒಣಗಿಸುತ್ತಿದೆ ಎಂದರು. ನಮ್ಮ ಡಾಕ್ಟರ ಜೊತೆ ಮಾತಾಡಿ ಅದನ್ನು ಬದಲಿಸಿಕೊಟ್ಟರು. ಈಗ ಬ್ರೆಡ್ಡು ಸಲೀಸಾಗಿ ಇಳಿಯುತ್ತದೆ. ಇಷ್ಟು ದಿನ ಎಲ್ಲರೂ ವಯಸ್ಸಿನ ಮೇಲೆ ಹಾಕಿ ಕೈ ತೊಳೆದುಕೊಂಡಿದ್ದರು! ನಿನ್ನಪ್ಪನೋ, ಎಲ್ಲ ತನ್ನ ಕಷಾಯದ ಮಹಿಮೆ ಎಂದು ಬೀಗುತ್ತಿದ್ದಾನೆ. ಇಲಿಯ ಲೆಕ್ಕ ಮನುಷ್ಯರಿಗೆ ಹೊಂದುವುದಿಲ್ಲ, ಹೂಜಿ ಕೆಳಗಿಡು ಎಂದು ನೀನೇ ಹೇಳಬೇಕು. ನಾನು ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾನೆ.

ಮೈ ಕಡೆ ಗಮನವಿರಲಿ ಕಂದ. ನಿನ್ನ ಕೆಲಸಕ್ಕೆ ಒಳ್ಳೆಯದಾಗಲಿ, ಆ ಇಲಿಗಳಿಗೂ.

ಇಂತು, ಮೂಟೆಯಂತೆ ತೂಗಿಸಿಕೊಂಡ
ನಿನ್ನ ಅಜ್ಜಿ

ತಾ.ಕ.: ಲಕೋಟೆಗೆ ಗೋಂದು ತರಲು ಅಡುಗೆಮನೆಗೆ ಹೋದೆ. ನಿನ್ನಪ್ಪ ನನ್ನ ಹೂಜಿಯಿಂದ ಲೋಟಕ್ಕೆ ಬಗ್ಗಿಸಿಕೊಂಡು ಗಟಗಟ ಕುಡಿಯುತ್ತಿದ್ದ. ಕೇಳಿದ್ದಕ್ಕೆ "ನಂಗೂ ಬಾಯಿ ಒಣಗುತ್ತಮ್ಮ, ಮಗಳಿಗೆ ಹೇಳ್ಬೇಡ, ಸುಮ್ನೆ ಗಾಬರಿ ಆಗ್ತಾಳೆ" ಅಂದ. ಅವನು ಯಾವ ಮಾತ್ರೆಯನ್ನೂ ನುಂಗುವುದಿಲ್ಲ, ಮತ್ತೆ ಬಾಯಿ ಒಣಗುವುದು ಏಕೆ? ಬೈಯುವುದು ಆಮೇಲೆ, ಮೊದಲು ಬಂದು ಅವನನ್ನು ಡಾಕ್ಟರಿಗೆ ತೋರಿಸು. ನನಗೆ ವಯಸ್ಸಾಗಲಿ, ನಾನೇನೂ ಅನ್ನುವುದಿಲ್ಲ. ನನ್ನ ಮಗನಿಗೆ ವಯಸ್ಸಾಗಲು ಯಾರು ಹೇಳಿದರು?