ಬೇಳೆ ಗಿರಣಿಯ ದುಭಾಷಿ

ಉದಗೀರ
೧೯ ಫೆಬ್ರವರಿ ೧೯೫೭

ಕಾಂತಾಬಾಯಿಯವರಿಗೆ,

ಜಳಕೋಟದ ಪ್ರಯಾಗಬಾಯಿ ಬರೆಯುವ ಕಾಗದ. ಮಠದ ಕಟ್ಟೆಯ ಮೇಲೆ ರಾಚಯ್ಯ ಸ್ವಾಮಿಗಳ ಎದುರು ಒಂದೇ ಹಲಗೆಯಲ್ಲಿ ಅಕ್ಷರ ತಿದ್ದಿದ ನಾವು ಇಷ್ಟು ದಿನ ಒಬ್ಬರನ್ನೊಬ್ಬರು 'ನೀ' ಎಂದೇ ಕರೆದೆವು. ಇನ್ನು ನಿಮಗೆ 'ನೀವು'. ಆ ಸಲುಗೆ ತೀರಿತು. ಕ್ಷೇಮ ಕೇಳುವುದಿಲ್ಲ, ಹೈದರಾಬಾದಿನ ಕಾಲೇಜಿನಲ್ಲಿ ಇರುವವರು ಕ್ಷೇಮವಾಗಿಯೇ ಇರುತ್ತಾರೆ.

ನಿಮ್ಮ ಕಾಗದ ಮುಟ್ಟಿತು. ನಿಲಂಗಾ, ಉಮರ್ಗಾದ ಗಿರಣಿಗಳಲ್ಲೂ ಸಂಶೋಧನೆ ಮಾಡಬೇಕು, ದುಭಾಷಿಯಾಗಿ ಜೊತೆಗೆ ಬಾ ಎಂದು ಕರೆದಿದ್ದೀರಿ. ಬರುವುದಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ನಿಮ್ಮ ಮೊದಲ ಸಂಶೋಧನೆ ಇಲ್ಲಿ ಏನು ಮಾಡಿತು ಎಂಬುದನ್ನು ಓದಿರಿ.

ನೀವು ಡಿಸೆಂಬರಿನಲ್ಲಿ ಬಂದಾಗ ಇಲ್ಲಿನ ಬೇಳೆ ಗಿರಣಿಯ ಅಂಗಳದಲ್ಲಿ ಹದಿನಾಲ್ಕು ಹೆಂಗಸರು ಮೊರ ಹಿಡಿದು ತೊಗರಿಬೇಳೆ ಆರಿಸುತ್ತಿದ್ದೆವು. ರಾಜ್ಯ ಬದಲಾಗಿ ಊರು ಮರಾಠಿ ಕಡೆಗೆ ಸೇರಿದ ಮೇಲೆ ಗಿರಣಿಯ ಒಡೆಯ ಸೇಠರು ಬಾರ್ಶಿಯಿಂದ ನಾಗನಾಥ ಎಂಬ ಮುಕಾದಮನನ್ನು ನಮ್ಮ ಮೇಲ್ವಿಚಾರಣೆಗೆ ತಂದಿದ್ದರು. ಅವನಿಗೆ ಮರಾಠಿ ಬಿಟ್ಟರೆ ಬೇರೆ ಮಾತು ಬಾರದು. ಮೊದಲ ದಿನವೇ ಮುದುಕಿ ಮಲಕಮ್ಮ, "ನಮಗ ಮರಾಠಿ ತಿಳಿಯಂಗಿಲ್ಲ ಅಂತ ಹೇಳು ಅಂವಗ" ಎಂದಳು. ಹೇಳಿದೆ. ಅಂದಿನಿಂದ ಅವನ ಮಾತಿಗೂ ಇವರ ಮಾತಿಗೂ ನಡುವೆ ನಿಂತವಳು ನಾನು. ಅವನು "ಈ ಎಮ್ಮೆಗಳ ಕೈ ಬೇಗ ಆಡಲಿ" ಎಂದರೆ ನಾನು "ಸ್ವಲ್ಪ ಲಗೂ ಮಾಡ್ರೆವ್ವಾ" ಎನ್ನುತ್ತಿದ್ದೆ. "ನಿನ್ನ ಹೆಣಾ ಎತ್ತಲಿ" ಎಂದು ಮಲಕಮ್ಮ ಅಂದದ್ದು ಅವನ ಕಿವಿಗೆ "ಆಗಲಿ" ಎಂದು ಮುಟ್ಟುತ್ತಿತ್ತು.

ಅವನು ನಮ್ಮೆದುರೇ ಗುಮಾಸ್ತನೊಡನೆ ಎಲ್ಲವನ್ನೂ ಮಾತಾಡುತ್ತಿದ್ದ. ಗುರುವಾರ ಸ್ಟೇಷನ್ನಿಗೆ ವ್ಯಾಗನ್ ಬರುತ್ತದೆ, ಮಾಲು ತಪ್ಪಿದರೆ ಸೇಠರು ಸುಮ್ಮನಿರುವುದಿಲ್ಲ ಎಂದು ಕೇಳಿದ್ದರಿಂದಲೇ ಬುಧವಾರ ಎಲ್ಲರೂ ಮೊರ ಕೆಳಗಿಟ್ಟು ಕೂತದ್ದು. ಕೂಸುಗಳಿಗೆ ಹಾಲೂಡಿಸಲು ಮಧ್ಯಾಹ್ನ ಅರ್ಧ ತಾಸು ಬಿಡುವು ಸಿಕ್ಕಿದ್ದು ಹಾಗೆ.

ನೀವು ಹನ್ನೊಂದು ದಿನ ನನ್ನ ಮನೆಯಲ್ಲಿ ರೊಟ್ಟಿ ತಿಂದಿರಿ. ಯಾರು ಯಾರೊಡನೆ ಎಷ್ಟು ಸಲ ಮಾತಾಡುತ್ತಾರೆ, ಗಂಡನನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ ಕೇಳಿ ಬರೆದುಕೊಂಡಿರಿ. ಮುಕಾದಮ ಹೇಳಿದ ನಗೆಮಾತಿಗೆ ಮಲಕಮ್ಮ ನಗು ತಡೆಯಲು ಸೆರಗು ಬಾಯಿಗಿಟ್ಟದ್ದನ್ನು ಕಂಡವರು ನೀವು. ಮರಾಠಿ ತಿಳಿಯದವಳು ನಕ್ಕದ್ದೇಕೆ ಎಂದು ಮನೆಗೆ ಬಂದು ಕೇಳಿದಿರಿ. ಹೇಳಿದೆ, ನಗುತ್ತ ಹೇಳಿದೆ. ಅದನ್ನು ಗೆಳತಿಗೆ ಹೇಳಿದ್ದೆ, ಕಾಲೇಜಿಗಲ್ಲ. "ಯಾರ ಹೆಸರೂ ಬರಿಯಂಗಿಲ್ಲ ಪ್ರಯಾಗಾ, ನಿನ್ನ ಆಣಿ" ಎಂದಿರಿ.

ವರದಿಯಲ್ಲಿ ಹೆಸರು ಬರೆಯಲಿಲ್ಲ, ನಿಜ. 'ಎಡಗೈಯ ಎರಡು ಬೆರಳಿಲ್ಲದ ವೃದ್ಧೆ' ಎಂದು ಬರೆದಿರಿ. ನಮ್ಮ ಅಂಗಳದಲ್ಲಿ ಮಲಕಮ್ಮನನ್ನು ಬಿಟ್ಟು ಅಂಥವರು ಎಷ್ಟು ಮಂದಿ ಇದ್ದರು, ಲೆಕ್ಕ ಹಾಕಿದ್ದಿರಾ? ಸಾಲದ್ದಕ್ಕೆ ಸೌಜನ್ಯವೆಂದು ಒಂದು ಪ್ರತಿಯನ್ನು ಸೇಠರಿಗೂ ಕಳಿಸಿದಿರಿ.

ಸೇಠರ ಅಳಿಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ನಿಮ್ಮ ಇಂಗ್ಲಿಷನ್ನು ಮರಾಠಿ ಮಾಡಿ ಓದಿದ. ಈ ಹೆಂಗಸರಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಬಾರದಂತೆ ಇರುವುದೇ ಅವರ ಬಲ ಎಂದು. ಮುಕಾದಮ ನನ್ನನ್ನೇ ನಿಲ್ಲಿಸಿ, ಅವರಿಗೆ ಕನ್ನಡದಲ್ಲಿ ಹೇಳು ಎಂದ. "ನೀವು ಬ್ಯಾಳಿ ಛಲೋ ಆರಸ್ತೀರಿ ಅಂತ ಬರದಾರ" ಎಂದೆ. ಯಾರ ಮುಖವೂ ಅಲುಗಲಿಲ್ಲ. ಉಳಿದೆವು ಅಂದುಕೊಂಡೆ.

ಆಗ ಮುಕಾದಮ ಚೀಲಗಳ ಕಡೆ ನೋಡುತ್ತ ಮೆಲ್ಲಗೆ ಮರಾಠಿಯಲ್ಲಿ ಹೇಳಿದ: ಅಲ್ಲಿ ಮಲಗಿದ ಕೂಸಿಗೆ ಚೇಳು ಕಡಿದಿದೆ.

ಮಾಳವ್ವ ಮೊರ ಒಗೆದು ಚೀರುತ್ತ ಓಡಿದಳು. ಅವಳ ಕೂಸು ಆರು ತಿಂಗಳದ್ದು. ಬೆರಳು ಬಾಯಲ್ಲಿಟ್ಟುಕೊಂಡು ಸುಖವಾಗಿ ಮಲಗಿತ್ತು. ಅವಳು ಅದನ್ನು ಎದೆಗೆ ಅವಚಿಕೊಂಡು ತಿರುಗಿದಾಗ ಮುಕಾದಮ ನಗುತ್ತಿದ್ದ. ಆ ಸಂಜೆಯೇ ಮಾಳವ್ವನನ್ನೂ ಮಲಕಮ್ಮನನ್ನೂ ತೆಗೆದುಹಾಕಿದರು. ಹಾಲೂಡಿಸುವ ಅರ್ಧ ತಾಸೂ ಹೋಯಿತು. ಗೇಟು ದಾಟುವಾಗ ಮಲಕಮ್ಮ ನನಗೆ, "ನಿನ್ನ ಗೆಳತಿ ಶಾಣ್ಯಾಕಿ ಅದಾಳ. ನಮ್ಮ ಬಾಯಾಗಿಂದು ತಗೊಂಡು ನಮ್ಮ ಬಾಯಿಗೇ ಮಣ್ಣ ಹಾಕ್ಯಾಳ" ಎಂದಳು. ಅದನ್ನು ಒಂದಕ್ಷರ ಬಿಡದೆ ನಿಮಗೆ ಮುಟ್ಟಿಸಿದ್ದೇನೆ.

ನಿಮ್ಮ ವರದಿಗೆ ಕಾಲೇಜಿನಲ್ಲಿ ಬಹುಮಾನ ಬಂತೆಂದು ಬರೆದಿದ್ದೀರಿ. ಬರಲಿ. ಮಾಳವ್ವನ ಚೀರಾಟವನ್ನು ಯಾವ ಪುಟದಲ್ಲಿ ಬರೆಯುತ್ತೀರಿ? ನಿಲಂಗಾದ ಗಿರಣಿಯಲ್ಲಿ ನನ್ನ ಸೋದರತ್ತೆಯ ಮಗಳು ಸರುಬಾಯಿ ಇದ್ದಾಳೆ. ಕಾಂತಾಬಾಯಿ ಬಂದರೆ ನೀರು ಕೊಡಿ, ಸುದ್ದಿ ಕೊಡಬೇಡಿ ಎಂದು ಅವಳಿಗೆ ಆಗಲೇ ಬರೆದಾಗಿದೆ. ನನ್ನ ಮನೆಯ ಕಡೆಗೂ ಕಾಲಿಡಬೇಡಿ.

ಇತಿ,
ಕಲ್ಯಾಣಪ್ಪನ ಮಗಳು
ಪ್ರಯಾಗಬಾಯಿ

ತಾ. ಕ.: ಎರಡೂ ಭಾಷೆ ಬಲ್ಲ ಹೆಂಗಸನ್ನೇ ಹೆಂಗಸರ ಮೇಲ್ವಿಚಾರಣೆಗೆ ಇಡುವುದು ಒಳ್ಳೆಯದು ಎಂದು ಕೊನೆಯ ಪುಟದಲ್ಲಿ ಬರೆದಿದ್ದಿರಂತೆ. ಸೇಠರಿಗೆ ಅದು ಹಿಡಿಸಿತು. ಹೋದ ಸೋಮವಾರದಿಂದ ಅಂಗಳ ನನ್ನ ಕೈಯಲ್ಲಿದೆ. ಬೇಡ ಅನ್ನಲಿಲ್ಲ. ನಿನ್ನೆ ಮಾಳವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಮತ್ತೆ ಕೆಲಸ ಕೇಳಿದಳು. ಜಾಗ ಇಲ್ಲ ಎಂದು ಹೇಳಿ ಕಳಿಸಿದವಳು ನಾನು. ಮುಕಾದಮ ಪಕ್ಕದಲ್ಲೇ ನಿಂತಿದ್ದ. ಮಾಳವ್ವನಿಗೆ ಮರಾಠಿಯಲ್ಲೇ ಹೇಳಿದೆ.