ನೀನು ಮಲಗುವ ಕಡೆಯ ದೀಪ

‘ಪೆಟ್ರೆಲ್’ ದೋಣಿ, ಕರ್ಲ್ಯೂ ಕೊಲ್ಲಿ
ಬ್ರಿಟಿಷ್ ಕೊಲಂಬಿಯಾ
ಸೆಪ್ಟೆಂಬರ್ ೧೬, ಭಾನುವಾರ

ಪ್ರೀತಿಯ ಡಂಕನ್,

ದೀಪ ಇಂದೂ ಬೆಳಕು ಹರಿಯುವ ಮೊದಲೇ ಆರಿತು. ತಿಳಿಸಿದವಳು ಪರ್ಲ್. ಅವಳು ನಸುಕಿನಲ್ಲಿ ಎದ್ದು ತನ್ನ ತೇಲುಮನೆಯ ಅಡುಗೆ ಕಿಟಕಿಯಿಂದ ನೋಡಿದಾಗ ನಮ್ಮ ದೋಣಿಯ ಹಿಂಬದಿಯ ಗಾಜಿನಲ್ಲಿ ಬೆಳಕಿತ್ತಂತೆ. ಕಾಫಿ ಕುದಿಸಿಕೊಂಡು ಮತ್ತೆ ನೋಡಿದಾಗ ಇರಲಿಲ್ಲ. ನಾನು ಸುಖವಾಗಿ ನಿದ್ದೆ ಮಾಡುತ್ತಿದ್ದೆ, ಹಾಗಾಗಿ ಸಾಕ್ಷಿ ಅವಳೊಬ್ಬಳೇ. ಯಾವ ದೀಪ ಎಂದು ನೀನು ಕೇಳುತ್ತೀಯ, ಹೇಳುತ್ತೇನೆ. ಮೊದಲು ನಿನ್ನ ಆರೋಗ್ಯ. ಮೂಗಿನಲ್ಲಿ ರಕ್ತ ಬರುವುದು ನಿಂತಿತೆ? ಉಸಿರಿನ ಮಿಷಿನ್ನಿನ ಮುಖವಾಡದ ಪಟ್ಟಿ ಕೆನ್ನೆಯನ್ನು ಕೊರೆಯುತ್ತದೆ ಎಂದಿದ್ದೆ, ನಿನ್ನ ತಂಗಿ ಮ್ಯೂರಿಯಲ್ ಹತ್ತಿರ ಹಳೆಯ ಫ್ಲಾನಲ್ ಬಟ್ಟೆ ಇರುತ್ತದೆ, ಒಂದು ತುಂಡು ಕೇಳಿ ಒಳಗೆ ಇಟ್ಟುಕೋ. ಬೆಳಿಗ್ಗೆ ಏಳುವಾಗ ತಲೆನೋವು ಇಲ್ಲ ಎಂದು ಬರೆದಿದ್ದೀಯ. ಆ ಸಾಲನ್ನು ನಾನು ಪರ್ಲ್‌ಗೂ ಓದಿ ಹೇಳಿದೆ. ‘ಎಷ್ಟು ವರ್ಷದಿಂದ ಆ ಮುಖ ಗಂಟಿಕ್ಕೊಂಡೇ ಇತ್ತಲ್ಲ, ಹುಟ್ಟುಗುಣ ಅಂದ್ಕೊಂಡಿದ್ದೆ ಕಣೇ’ ಎಂದಳು. ನಿನ್ನ ತಂಗಿಗೆ ನಾನು ಕೇಳಿದೆ ಎಂದು ಹೇಳು. ಅವಳು ಉಪ್ಪು ಕಡಿಮೆ ಹಾಕುತ್ತಾಳೆ ಎಂದು ದೂರಬೇಡ.

ಇಲ್ಲಿ ಎಲ್ಲ ಸರಿಯಾಗಿದೆ. ಲಂಗರು ಗಟ್ಟಿಯಾಗಿ ಕಚ್ಚಿಕೊಂಡಿದೆ. ಗಾಳಿ ಇಲ್ಲದ ದಿನಗಳು, ಮುಂಜಾನೆ ಹೊಗೆಯಂಥ ಮಂಜು ನೀರಿನ ಮೇಲೆಯೇ ಮಲಗಿರುತ್ತದೆ, ಅದರೊಳಗಿಂದ ಸೀಲ್‌ಗಳ ತಲೆ ಮಾತ್ರ ಏಳುತ್ತದೆ. ದೋಣಿ ತನ್ನ ಪಾಡಿಗೆ ನಿಧಾನವಾಗಿ ಸುತ್ತುತ್ತದೆ, ಉಬ್ಬರದಲ್ಲಿ ಪರ್ಲ್‌ಳ ಮನೆಯ ಕಡೆಗೆ ಮುಖ, ಇಳಿತದಲ್ಲಿ ಜಲಪಾತದ ಕಡೆಗೆ. ಕೆಲವು ಸಲ ಚಹಾ ಹಿಡಿದು ಕೂತರೆ ನಾನು ಅಲುಗಾಡದೆ ಗುಡ್ಡಗಳೇ ನನ್ನ ಸುತ್ತ ಪ್ರದಕ್ಷಿಣೆ ಬರುತ್ತಿವೆ ಅನಿಸುತ್ತದೆ. ಚಹಾ ಆರಿರುತ್ತದೆ, ಗುಡ್ಡ ಬದಲಾಗಿರುತ್ತದೆ.

ಮ್ಯೂರಿಯಲ್ ಮನೆಯ ಮೆಟ್ಟಿಲ ಮೇಲೆ ನಿಂತು ನೀನು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. ‘ಈ ಮಿಷಿನ್ನನ್ನ ನಮ್ಮ ಬ್ಯಾಟ್ರಿ ರಾತ್ರಿಯೆಲ್ಲಾ ಹೊರ್ತದೆ ಅಂದ್ರೆ ಬರ್ತೀನಿ. ಹೊರಲ್ಲ ಅಂದ್ರೆ ದೋಣಿ ಮಾರೋದು, ಮ್ಯೂರಿಯಲ್ ಮನೆ ಮೇಲಿನ ಫ್ಲ್ಯಾಟು ಹಿಡಿಯೋದು. ಆಮೇಲೆ ವಾದ ಮಾಡ್ಬಾರ್ದು.’ ನಾನು ವಾದ ಮಾಡಲಿಲ್ಲ. ನೀನು ಒಳಗೆ ಹೋದಾಗ ಮಿಷಿನ್ನನ್ನು ಬೋರಲು ಹಾಕಿ, ಅದರ ಹೊಟ್ಟೆಯ ಮೇಲೆ ಬರೆದಿದ್ದ ಕರೆಂಟಿನ ಲೆಕ್ಕವನ್ನು ಅಂಗೈಯಲ್ಲಿ ಗೀಚಿಕೊಂಡೆ, ಅಷ್ಟೆ. ಮಿಷಿನ್ ನಿನ್ನ ಬಳಿಯೇ ಇರಬೇಕು, ಅದಿಲ್ಲದೆ ನೀನು ಮಲಗುವಂತಿಲ್ಲ. ಹಾಗಿದ್ದರೆ ಇಲ್ಲಿ ಪರೀಕ್ಷೆ ಮಾಡುವುದು ಹೇಗೆ? ಉತ್ತರ ಪರ್ಲ್‌ಳ ಹಳೆಯ ಪಿಕಪ್ ಗಾಡಿಯಲ್ಲಿ ಸಿಕ್ಕಿತು. ದಂಡೆಯ ಮೇಲೆ ಜರೀಗಿಡ ಬೆಳೆದು ಮುಚ್ಚಿಹೋಗಿದೆಯಲ್ಲ, ಅದರ ಬ್ರೇಕ್ ಲೈಟಿನ ಬಲ್ಬು. ಅದು ಎಳೆಯುವಷ್ಟೇ ಕರೆಂಟನ್ನು, ಹೆಚ್ಚುಕಡಿಮೆ ಅಷ್ಟನ್ನೇ, ನಿನ್ನ ಮಿಷಿನ್ನೂ ಎಳೆಯುತ್ತದೆ. ಪರ್ಲ್ ಅದನ್ನು ಒಂದು ಸಿಂಪಿ ಚಿಪ್ಪಿನಲ್ಲಿ ಕೂರಿಸಿ, ವಯರು ಕಟ್ಟಿ ಕೊಟ್ಟಳು. ನಾನು ಅದನ್ನು ನೀನು ಮಲಗುವ ಕಡೆ, ದಿಂಬಿನ ಮೇಲಿನ ಗೂಡಿನಲ್ಲಿ ಇಟ್ಟೆ. ನೀನು ಮಲಗುವ ಹೊತ್ತಿಗೆ ಹಚ್ಚುವುದು, ನೀನು ಏಳುವ ಹೊತ್ತಿಗೆ ಆರಿಸುವುದು. ನೀನು ಊರಲ್ಲಿ ಇಲ್ಲ ಎಂಬುದು ಬ್ಯಾಟರಿಗೆ ಗೊತ್ತಾಗಬಾರದು.

ಮೊದಲ ರಾತ್ರಿ ಬಲ್ಬು ಬೆಳಗಿನವರೆಗೂ ಉರಿಯಿತು. ನಾನು ಪರ್ಲ್‌ಗೆ ಕೂಗಿ ಹೇಳಿದೆ, ಅವಳು ಪಾತ್ರೆ ಬಡಿದಳು. ಆದರೆ ಗುರುವಾರ ಗ್ಲೆನ್ ಟಪಾಲು ತಂದಾಗ ಅದರಲ್ಲಿ ನಿನ್ನ ಕಾಗದವಿತ್ತು. ಮಿಷಿನ್ನಿನ ಗಾಳಿಗೆ ತೇವ ಕೊಡುವ ಬಿಸಿನೀರಿನ ಡಬ್ಬಿ ಆರಿಸಿ ಮಲಗಿದ್ದಕ್ಕೆ ಮೂಗಿನಿಂದ ರಕ್ತ ಬಂತು, ಇನ್ನು ಅದು ಬೇಕೇ ಬೇಕು ಎಂದು ಬರೆದಿದ್ದೆ. ನೀರು ಬಿಸಿ ಮಾಡುವುದು ಎಂದರೆ ಇನ್ನೊಂದು ಬಲ್ಬಿನ ಹೊರೆ. ಪಿಕಪ್ಪಿಗೆ ಎರಡು ಬ್ರೇಕ್ ಲೈಟ್ ಇರುವುದು ನಮ್ಮ ಅದೃಷ್ಟ. ಈಗ ಎರಡೂ ಅಕ್ಕಪಕ್ಕ ಉರಿಯುತ್ತವೆ. ಒಂದು ನಿನ್ನ ಉಸಿರಿಗೆ, ಒಂದು ನೀರಿಗೆ. ಎರಡು ಹಚ್ಚಿದಂದಿನಿಂದ ಒಮ್ಮೆಯೂ ಬೆಳಗು ಕಂಡಿಲ್ಲ. ಬ್ಯಾಟರಿ ಅರ್ಧಕ್ಕೆ ಇಳಿದ ಕೂಡಲೇ ನೀನು ಕೂರಿಸಿದ ಸ್ವಿಚ್ಚು ಟಕ್ಕೆಂದು ಎಲ್ಲವನ್ನೂ ಆರಿಸುತ್ತದೆ, ಹಾಯಿಕಂಬದ ತುದಿಯ ದೀಪವೊಂದನ್ನು ಬಿಟ್ಟು.

ಶುಕ್ರವಾರದ ಸೋಲಿಗೆ ಮಾತ್ರ ನಾನೇ ಕಾರಣ. ನಿನ್ನ ನೀಲಿ ಅಂಗಿ ಒಗೆದು ಹಾಯಿಯ ಅಡ್ಡಗಂಬಕ್ಕೆ ಹಾಕಿದ್ದೆ. ಬೆಳಿಗ್ಗೆ ನೆರಳು ನೀರಿನ ಮೇಲಿತ್ತು. ಮಧ್ಯಾಹ್ನ ಉಬ್ಬರ ತಿರುಗಿ ದೋಣಿಯೂ ತಿರುಗಿತು, ಅಂಗಿಯ ಒಂದು ತೋಳಿನ ನೆರಳು ಸೋಲಾರ್ ಹಲಗೆಯ ಮೇಲೆ ಅಡ್ಡಲಾಗಿ ಬಿದ್ದು ಸಂಜೆವರೆಗೂ ಅಲ್ಲೇ ಇತ್ತು. ಒಂದು ತೋಳಿನ ನೆರಳಿಗೆ ಇಡೀ ಹಲಗೆ ಮಂಕಾಗುತ್ತದೆ ಎಂದು ನೀನು ನೂರು ಸಲ ಹೇಳಿದ್ದೀಯ. ಅದನ್ನು ಕಂಡು ಪರ್ಲ್ ತನ್ನ ಹುಟ್ಟುದೋಣಿಯಲ್ಲೇ ಕೂತು ನಕ್ಕಳು. ‘ಅಯ್ಯೋ ಮಾರಾಯ್ತಿ, ಗಂಡನ ಅಂಗಿಗೆ ಬಿಸಿಲು ಊಟ ಹಾಕಿ ಬ್ಯಾಟ್ರಿನ ಉಪವಾಸ ಕೆಡವಿದ್ಯಲ್ಲೇ.’ ನಾನು ಅಂಗಿ ತೆಗೆದು ಮಡಚಿದೆ. ಚೆನ್ನಾಗಿ ಒಣಗಿತ್ತು.

ನಿನ್ನೆ ಹಾಗಾಗಲಿಲ್ಲ. ಇಡೀ ದಿನ ಬಿಸಿಲು. ಅಡ್ಡಗಂಬವನ್ನು ಹಗ್ಗ ಕಟ್ಟಿ ಪಕ್ಕಕ್ಕೆ ಎಳೆದಿಟ್ಟೆ, ದೋಣಿ ತಿರುಗಿದಂತೆಲ್ಲ ಅದನ್ನೂ ತಿರುಗಿಸಿದೆ. ಸೂರ್ಯ ಮುಳುಗಿದ ಕೂಡಲೇ ಮೀಟರ್ ನೋಡಲಿಲ್ಲ. ‘ಓಡಿ ಬಂದವನ ಕೆನ್ನೆ ಕೆಂಪಗಿರ್ತದೆ, ಅದನ್ನ ಆರೋಗ್ಯ ಅಂದ್ಕೋಬೇಡ, ಸ್ವಲ್ಪ ಕೂರಿಸಿ ಆಮೇಲೆ ನೋಡು’ ಎಂದು ಆಗತಾನೆ ಚಾರ್ಜ್ ಆದ ಬ್ಯಾಟರಿಯ ಬಗ್ಗೆ ಹೇಳುತ್ತೀಯಲ್ಲ, ಹಾಗೇ ಅದನ್ನು ಕೂರಿಸಿ, ಆಮೇಲೆ ನೋಡಿದೆ. ಭರ್ತಿ ಇತ್ತು. ರೇಡಿಯೊ ಹಾಕಲಿಲ್ಲ. ನೀರನ್ನು ಕಾಲಿನ ಪಂಪಿನಿಂದ ಹತ್ತಿಸಿದೆ. ಎಂಜಿನ್ನನ್ನು ಎಂದಿನಂತೆ ಬೆಳಿಗ್ಗೆ ಅರ್ಧ ಗಂಟೆ ಬಿಟ್ಟರೆ ಹಾಕಲಿಲ್ಲ, ಹಾಕಿದರೆ ಅದೂ ಬ್ಯಾಟರಿ ತುಂಬಿಸಿ ಮೋಸವಾಗುತ್ತದೆ ಮತ್ತು ನೀನು ಡೀಸೆಲ್ಲಿನ ಡಬ್ಬಿ ಅಲ್ಲಾಡಿಸಿ ಕಂಡುಹಿಡಿಯುತ್ತೀಯ. ಇಷ್ಟೆಲ್ಲ ಮಾಡಿದರೂ ಪರ್ಲ್‌ಳ ಕಾಫಿ ಕುದಿಯುವಷ್ಟರಲ್ಲಿ ದೀಪ ಆರಿತು. ನವೆಂಬರಿನ ಹೊತ್ತಿಗೆ ನಾವು ಹೇಗೂ ಲಂಡ್ ಊರಿನ ದೋಣಿ ಧಕ್ಕೆಗೆ ಹೋಗಿ ಕರೆಂಟಿನ ವಯರು ಸಿಕ್ಕಿಸಿಕೊಳ್ಳುವವರು, ಚಳಿಗಾಲದ ಚಿಂತೆ ಇಲ್ಲ. ಪ್ರಶ್ನೆ ಇರುವುದು ಉಳಿದ ತಿಂಗಳುಗಳದ್ದು, ಅಂದರೆ ನಾವು ಯಾವುದಕ್ಕಾಗಿ ದೋಣಿಯಲ್ಲಿದ್ದೇವೋ ಆ ತಿಂಗಳುಗಳದ್ದು.

ಒಂದು ಮಾತು ಹೇಳಲೆ? ಆ ಬೆಳಕು ನನಗೆ ಅಭ್ಯಾಸವಾಗಿದೆ. ಬಲ್ಬುಗಳು ಬಿಸಿಯಾಗುತ್ತವೆ, ಗೂಡಿನ ಮರ ಬೆಚ್ಚಗಾಗಿ ವಾರ್ನಿಷ್ ವಾಸನೆ ಬರುತ್ತದೆ, ನಿನ್ನ ದಿಂಬೂ ಸ್ವಲ್ಪ ಬೆಚ್ಚಗಿರುತ್ತದೆ. ನಿನ್ನ ಕಡೆಯ ಗಾಜು ನೀರಿಗೆ ಹತ್ತಿರವಲ್ಲವೆ, ಬೆಳಕು ಅಲ್ಲಿಂದ ಇಳಿದು ಒಂದು ಹಸಿರು ಕೋಣೆಯಂತೆ ನೀರಿನೊಳಗೆ ನಿಲ್ಲುತ್ತದೆ. ಮೀನಿನ ಮರಿಗಳು ಅದರೊಳಗೆ ಬರುತ್ತವೆ. ಅವಕ್ಕೆ ಅವಸರವಿಲ್ಲ. ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತಿರುತ್ತವೆ, ಯಾರೋ ಏನೋ ಹೇಳುತ್ತಾರೆಂದು ಕಾಯುತ್ತಿರುವಂತೆ. ದೂರದಲ್ಲಿ ಸೀಲ್ ಈಜಿದರೆ ಅದು ಹೋದ ದಾರಿ ನೀರಿನಲ್ಲಿ ಹೊಳೆದು ಆರುತ್ತದೆ. ನೋಡುತ್ತ ನೋಡುತ್ತ ನನಗೆ ನಿದ್ದೆ ಹತ್ತುತ್ತದೆ. ನೀನಿದ್ದಾಗ ಇಷ್ಟು ನಿದ್ದೆ ಇರಲಿಲ್ಲ ಡಂಕನ್. ನಿನ್ನ ಉಸಿರು ನಿಲ್ಲುತ್ತಿತ್ತು. ಅಲೆಯೊಂದು ದೋಣಿಗೆ ತಾಗಿ ಹೋಗುವುದು, ಇನ್ನೊಂದು ತಾಗಿ ಹೋಗುವುದು, ನೀನು ಉಸಿರಾಡುತ್ತಿರಲಿಲ್ಲ. ನಾನು ಕೈ ಚಾಚುವಷ್ಟರಲ್ಲಿ ನೀರಿನಿಂದ ಮೇಲೆದ್ದವನಂತೆ ಜೋರಾಗಿ ಎಳೆದುಕೊಳ್ಳುತ್ತಿದ್ದೆ. ಅದಕ್ಕೊಂದು ಹೆಸರಿದೆ, ಮಿಷಿನ್ ಇದೆ ಎಂದು ಡಾಕ್ಟರು ಹೇಳುವವರೆಗೂ ನಾನು ಅದನ್ನು ನಿನ್ನ ರೀತಿ ಎಂದುಕೊಂಡಿದ್ದೆ. ಈಗ ದೀಪ ಸಮನಾಗಿ ಉರಿಯುತ್ತದೆ. ಅದು ತಡೆದು ತಡೆದು ಉರಿಯುವುದಿಲ್ಲ.

ಇನ್ನು ಉಳಿದಿರುವುದು ಒಂದೇ, ಅದನ್ನು ನಾನು ಎತ್ತಬಾರದು ಎಂದುಕೊಂಡಿದ್ದೆ. ಪರ್ಲ್ ಎತ್ತಿದಳು. ಸೋಫಾದ ಕೆಳಗಿನ ನಿನ್ನ ಫ್ರೀಜರ್. ಎರಡು ಬಲ್ಬುಗಳಿಗಿಂತ ಹೆಚ್ಚನ್ನು ಅದೊಂದೇ ತಿನ್ನುತ್ತದೆ, ರಾತ್ರಿ ಅದು ಗುರುಗುಟ್ಟುತ್ತ ಎದ್ದಾಗಲೆಲ್ಲ ನಿನ್ನ ದೀಪ ಒಂದು ಕ್ಷಣ ಕುಗ್ಗುವುದನ್ನು ನಾನು ಕಂಡಿದ್ದೇನೆ. ಆದರೆ ಅದರ ಪ್ರತಿಯೊಂದು ಹಲಗೆಯನ್ನು ನೀನು ಕೈಯಾರೆ ಕೂರಿಸಿದ್ದೀಯ, ಈ ದೋಣಿಯಲ್ಲಿ ಮೊದಲಿನಿಂದ ಕೊನೆಯವರೆಗೆ ನೀನೇ ಮಾಡಿದ ವಸ್ತು ಅದೊಂದು. ಬಂದವರಿಗೆಲ್ಲ ಮುಚ್ಚಳ ಎತ್ತಿ ತೋರಿಸುತ್ತೀಯ. ಈಗ ಅದರ ತುಂಬ ಈ ವರ್ಷದ ಸಾಲ್ಮನ್ ಮೀನು. ‘ಉಳಿದಿದ್ದು ಏನಾದ್ರೂ ಮಾಡು, ಫ್ರೀಜರ್ ಮುಟ್ಬೇಡ’ ಎಂದು ಹೋಗುವಾಗ ಹೇಳಿದ್ದೆ. ನಾನು ಅದನ್ನೇ ಪರ್ಲ್‌ಗೆ ಹೇಳಿದೆ. ಅವಳು ಸಿಂಪಿ ಬಿಡಿಸುತ್ತಿದ್ದವಳು ಚಾಕು ಕೆಳಗಿಟ್ಟು ಕೇಳಿದಳು, ‘ಮೀನಿಗೆ ಹಾಸಿಗೆ ಹಾಸಿ ಗಂಡನ್ನ ಪಟ್ಟಣಕ್ಕೆ ಕಳಿಸ್ತೀಯೇನೆ?’ ನಾನು ಮಾತು ಬದಲಿಸಿ ಮಳೆಯ ವಿಷಯ ಎತ್ತಿದೆ. ನಾಳೆಯಿಂದ ಮೋಡವಂತೆ.

ಮ್ಯೂರಿಯಲ್ ಬರುವ ಶುಕ್ರವಾರ ನಮ್ಮ ಪರವಾಗಿ ಫ್ಲ್ಯಾಟಿನ ಕಾಗದಕ್ಕೆ ಸಹಿ ಹಾಕಬೇಕು ಎಂಬುದು ನನಗೆ ನೆನಪಿದೆ. ಗ್ಲೆನ್ ಗುರುವಾರ ಬರುತ್ತಾನೆ, ಅಂದೇ ಸಂಜೆ ಸಾಮಾನು ತರಲು ಪಟ್ಟಣಕ್ಕೆ ಹೋಗುವವನು, ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತಾನೆ. ಅಲ್ಲಿಯವರೆಗೆ ಏನಾಗುತ್ತದೋ ಆದದ್ದನ್ನು ಆದಂತೆ ಬರೆಯುತ್ತೇನೆ. ಸೋತರೆ ಸೋತೆವು ಎಂದೇ ಬರೆಯುತ್ತೇನೆ, ವಾದ ಮಾಡುವುದಿಲ್ಲ. ಆ ಫ್ಲ್ಯಾಟಿನ ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂದು ಮ್ಯೂರಿಯಲ್ ಹೇಳಿದಳು. ಕಾಣುತ್ತದೆ ನಿಜ, ನಾನೂ ನೋಡಿದೆ. ಅದು ಅಲುಗಾಡುವುದಿಲ್ಲ.

ಮೂಗಿಗೆ ಎಣ್ಣೆ ಹಚ್ಚಿಕೋ. ಮೆಟ್ಟಿಲಲ್ಲಿ ಅವಸರ ಬೇಡ. ನೀರು ನಿನ್ನನ್ನು ಮೆತ್ತಗೆ ತೂಗಲಿ ಎಂದು ಇಲ್ಲಿಂದಲೇ ಹಾರೈಸುತ್ತೇನೆ, ನೆಲದ ಮೇಲಿದ್ದರೂ.

ನಿನ್ನ
ಲೊರೇನ್

ತಾ.ಕ.: ಗುರುವಾರ ಬೆಳಿಗ್ಗೆ. ಗ್ಲೆನ್‌ನ ದೋಣಿಯ ಸದ್ದು ಮೂಲೆಯಾಚೆ ಕೇಳುತ್ತಿದೆ, ಬೇಗ ಬರೆಯುತ್ತೇನೆ. ನಾನು ಫ್ರೀಜರ್ ಆರಿಸಿದೆ. ಮಂಗಳವಾರ ಪರ್ಲ್ ಬಂದಳು, ಇಬ್ಬರೂ ಸೇರಿ ಮೀನನ್ನೆಲ್ಲ ಕೊಯ್ದು, ಉಪ್ಪು ಹಾಕಿ, ಗಾಜಿನ ಜಾಡಿಗಳಿಗೆ ತುಂಬಿ ಗ್ಯಾಸಿನ ಮೇಲೆ ಕುಕ್ಕರಿನಲ್ಲಿ ಬೇಯಿಸಿದೆವು. ಇಡೀ ದೋಣಿ ಮೀನಿನ ವಾಸನೆ, ಗಾಜುಗಳ ಮೇಲೆಲ್ಲ ಹಬೆ. ಆರುವಾಗ ಮುಚ್ಚಳಗಳು ಗಾಳಿಯಾಡದಂತೆ ಬಿಗಿದುಕೊಂಡು ಒಂದೊಂದಾಗಿ ಟಿಕ್ ಎಂದವು. ಒಂದು ಮೀನೂ ಹಾಳಾಗಿಲ್ಲ. ನಿನ್ನ ಪೆಟ್ಟಿಗೆಯ ಒಂದು ಹಲಗೆಯನ್ನೂ ಕೀಳಲಿಲ್ಲ, ಒಳಗೆ ಜಾಡಿಗಳನ್ನೇ ಜೋಡಿಸಿದ್ದೇನೆ, ಬಂದವರಿಗೆ ಮುಚ್ಚಳ ಎತ್ತಿ ತೋರಿಸಬಹುದು. ಬೈಯುವುದಿದ್ದರೆ ಇಲ್ಲಿಗೆ ಬಂದು ಬೈಯಿ.

ನಿನ್ನೆ ದಿನವೆಲ್ಲ ತುಂತುರು, ಬಿಸಿಲೇ ಇರಲಿಲ್ಲ. ಆದರೂ ರಾತ್ರಿ ಎರಡೂ ಬಲ್ಬು ಹಚ್ಚಿದೆ. ಇಂದು ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಪರ್ಲ್ ಪಾತ್ರೆ ಬಡಿಯುವ ಸದ್ದು. ಕಣ್ಣು ಬಿಟ್ಟಾಗ ಹೊರಗೆ ಪೂರ್ತಿ ಬೆಳಕಾಗಿತ್ತು, ನೀನು ಮಲಗುವ ಕಡೆ ಎರಡೂ ಉರಿಯುತ್ತಲೇ ಇದ್ದವು. ಕೈಯಾರೆ ಆರಿಸಿದೆ. ಮೀಟರನ್ನು ನಾನೂ ಓದಿದೆ, ಪರ್ಲ್‌ಗೂ ಓದಿಸಿದೆ: ಅರ್ಧಕ್ಕಿಂತ ಮೇಲೆಯೇ ಇದೆ.

ಸಹಿ ಬೇಡ ಎಂದು ಮ್ಯೂರಿಯಲ್‌ಗೆ ಹೇಳು. ಮಿಷಿನ್ನಿಗೆ ಕಾರಿನಲ್ಲಿ ಸಿಕ್ಕಿಸುವಂಥ ವಯರು ಬೇಕು, ಅಂಗಡಿಯಲ್ಲಿ ಕೇಳಿ ತಾ. ಗ್ಲೆನ್ ಶನಿವಾರ ಮಧ್ಯಾಹ್ನ ಲಂಡ್ ಧಕ್ಕೆಯಿಂದ ಹೊರಡುತ್ತಾನೆ, ನಿನ್ನ ಹೆಸರು ಹೇಳಿಡುತ್ತೇನೆ. ಬಲ್ಬುಗಳನ್ನು ಶನಿವಾರ ಸಂಜೆ ಪರ್ಲ್‌ಗೆ ವಾಪಸು ಕೊಡಬೇಕು.